ಕಣ್ಣಿಗೆ ತೀರ್ಥ ಬೇಡಿದ ಫಕೀರವ್ವ

ಶ್ರೀ ಗುರುಪಾದಯ್ಯ ಅಜ್ಜನವರ ಮಠವೆಂದರೆ ದೊಡ್ಡ ಕಟ್ಟಡವೇನಲ್ಲ. ಹುಬ್ಬಳ್ಳಿಯ ಪೇಟೆಯ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡ ಎರಡು ಕೋಣೆ, ಅಷ್ಟೇ. ಸೋಮವಾರಕ್ಕೊಮ್ಮೆ ಅಲ್ಲಿ ಗೋಧಿ ಹುಗ್ಗಿಯ ಪ್ರಸಾದ. ಬೆಲ್ಲ ಸುರಿದು ಮಾಡಿದ ಆ ಹುಗ್ಗಿಯನ್ನು ಸಕ್ಕರೆ ಕಾಯಿಲೆಯವರೂ ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದರು. ಪ್ರಸಾದ ಎಲ್ಲಾದರೂ ಕೇಡು ಮಾಡೀತೇ ಎಂಬುದು ನಮ್ಮ ಜನರ ಮೊಂಡು ನಂಬಿಕೆ.

ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಬದುಕುತ್ತಿದ್ದ ಫಕೀರವ್ವನಿಗೆ ಅದೇ ಕಾಯಿಲೆಯಿಂದ ಎಡಗಣ್ಣು ಹೋಗಿತ್ತು. ಲೇಸರ್ ಮಾಡಿಸದಿದ್ದರೆ ಬಲಗಣ್ಣೂ ಉಳಿಯದು ಎಂದು ಡಾಕ್ಟರು ಹೇಳಿದ್ದರು. ಪಾಪ, ಹೆದರಿದಳು. ಹೆದರಿದವಳು ಆಸ್ಪತ್ರೆಯ ಕಡೆ ತಲೆಹಾಕದೆ ಸೋಮವಾರ ಮಠಕ್ಕೆ ಬಂದು ಪ್ರಸಾದದ ಎಲೆಯ ಮುಂದೆ ಕುಳಿತಳು.

"ಅಜ್ಜಾರ, ಕಣ್ಣಾಗ ಒಂದೀಟು ತೀರ್ಥ ಬಿಡ್ರಿ."

ತೀರ್ಥದ ಗಿಂಡಿ ಎತ್ತಿಕೊಂಡ ಅಜ್ಜನವರು, "ಗುಳಿಗಿ ನುಂಗೀಯೇನವ್ವಾ?" ಎಂದು ಕೇಳಿದರು.

"ನಿಮ್ಮ ತೀರ್ಥ ಇರೂವಾಗ ಗುಳಿಗಿ ಯಾಕ್ರೀ? ಬಿಟ್ಟೀನ್ರಿ."

ಅಜ್ಜನವರು ಗಿಂಡಿಯನ್ನು ಕೆಳಗಿಟ್ಟರು. ಅವರ ಕಣ್ಣು ತುಂಬಿ ಬಂದಿತ್ತು. "ನನ್ನ ಮ್ಯಾಲಿನ ಭಕ್ತಿ ನಿನ್ನ ಕಣ್ಣು ತಿನ್ನೂದಾದ್ರ, ಆ ಭಕ್ತಿ ನನಗ ಬ್ಯಾಡ ತಾಯಿ."

ಅವಳ ಮುಂದಿನ ಹುಗ್ಗಿಯ ಎಲೆಯನ್ನು ಸರಿಸಿ, ತಮ್ಮ ಜೋಳಿಗೆಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟರು. "ನಿನಗ ಇದ ಪ್ರಸಾದ. ಉಂಡು ದವಾಖಾನಿಗೆ ನಡಿ." ಮುಂದಿನ ಸೋಮವಾರದಿಂದ ಮಠದಲ್ಲಿ ಎಲ್ಲರಿಗೂ ರೊಟ್ಟಿ, ಪಲ್ಯವೇ ಪ್ರಸಾದವಾಯಿತು. ಗೊಣಗುವವರು ಗೊಣಗಿದರು, ಬಿಡಿ.

ಅಂದು ಫಕೀರವ್ವ ಆ ರೊಟ್ಟಿ ಹಿಡಿದುಕೊಂಡೇ ಅಳತೊಡಗಿದಳು. "ಇರೂದೊಂದು ಕಣ್ಣು. ದವಾಖಾನಿಗೆ ಹೋಗಿ ಅದೂ ಹೋತಂದ್ರ ಹೆಂಗ್ರೀ?"

ಅಜ್ಜನವರು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಎದ್ದರು. "ನಡಿ, ನಾನೂ ಬರ್ತೀನಿ."

ಆಸ್ಪತ್ರೆಯ ಬೆಂಚಿನ ಮೇಲೆ ಪೂಜ್ಯರು ಎಲ್ಲ ರೋಗಿಗಳ ನಡುವೆ ಕುಳಿತರು. ಆಸ್ಪತ್ರೆಯವರು ಎಲ್ಲರಿಗಿಂತ ಮೊದಲು ಒಳಗೆ ಕರೆದರೆ ಒಲ್ಲೆನೆಂದರು. ಪಾಳಿ ಬಂದಾಗ ಅವಳ ಕೈ ಹಿಡಿದು ಬಾಗಿಲವರೆಗೆ ಬಿಟ್ಟರು. ಡಾಕ್ಟರು ಮತ್ತೆ ಬರಹೇಳಿದಾಗಲೆಲ್ಲ ಹಾಗೆಯೇ ಜೊತೆಗೆ ಹೋದರು.

ಎಡಗಣ್ಣು ಮರಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಲಗಣ್ಣು ಉಳಿಯಿತು.

ಡಾಕ್ಟರು ಆ ಮಾತು ಹೇಳಿದ ದಿನ ಫಕೀರವ್ವ ಅಲ್ಲೇ ಬೆಂಚಿನ ಬಳಿ ಅಜ್ಜನವರ ಪಾದ ಹಿಡಿದಳು. ಎಷ್ಟೋ ವರ್ಷದಿಂದ ಮಠಕ್ಕೆ ನಡೆದುಕೊಂಡವಳು. ಗುರುಗಳ ಪಾದ ಬಿಟ್ಟು ಮೇಲೆ ಕಣ್ಣೆತ್ತಿ ನೋಡಿದವಳಲ್ಲ.

"ಏಳು ತಾಯಿ. ಕಾಣತೈತಲ್ಲ, ನನ್ನ ಮಾರಿ ನೋಡು," ಎಂದರು ಅಜ್ಜನವರು.

ಮುಖವೆತ್ತಿ ಅವರ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿ, ಕುತ್ತಿಗೆಯ ನರ ಎದ್ದು, ದಣಿದಿದ್ದ ಮುದುಕರೊಬ್ಬರು ಅವಳನ್ನು ನೋಡಿ ನಗುತ್ತಿದ್ದರು.

"ಇಷ್ಟ್ಯಾಕ ಸೊರಗೀರಿ ಅಜ್ಜಾರ? ಹೊತ್ತಿಗೆ ಸರಿಯಾಗಿ ಉಣ್ಣೂದಿಲ್ಲೇನ್ರೀ?" ಎಂದು ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದಳು.