ಸರ್ಕಸ್ ಚಂದ್ರೋಜಿ ಕಟ್ಟಿದ ಗೂಡು

ನಮ್ಮೂರಲ್ಲಿ ಚಿಂಪಾಂಜಿ ಭಾಷೆ ಬಲ್ಲವನು ನಾನೊಬ್ಬನೇ, ಅದಕ್ಕೇ ಹೇಳುತ್ತೇನೆ ಕೇಳಿ. ಸರ್ಕಸ್ಸಿನಿಂದ ಬಿಡಿಸಿದ ಚಂದ್ರೋಜಿ ಎಂಬ ಚಿಂಪಾಂಜಿಯನ್ನು ಕಡಲಾಚೆ ಅವನು ಹುಟ್ಟಿದ ಕಾಡಿಗೇ ಮರಳಿ ಬಿಟ್ಟರು; ಮಾತು ತಿಳಿಸಲು ಜೊತೆಗೆ ನಾನೂ ಹೋಗಿದ್ದೆ.

ಸಂಜೆ ಕಾಡಿನ ಮುದಿ ಚಿಂಪಾಂಜಿ ಹೇಳಿದಳು: “ಮಗಾ, ಮರದ ಮೇಲೆ ಗೂಡು ಕಟ್ಟಿಕೋ. ಕೆಳಗೆ ಚಿರತೆ ಬರುತ್ತದೆ.”

“ಅಜ್ಜೀ, ನಾನು ಸೈಕಲ್ ಮೇಲೆ ನಿಂತು ಚಹಾ ಕುಡಿದವನು! ಹಾಸಿಗೆ ಹಾಸುವವರು ಬರುತ್ತಾರೆ.”

“ನಿನ್ನ ಸೈಕಲ್ ಮರ ಹತ್ತುತ್ತದೇನಪ್ಪಾ?”

ಅಷ್ಟರಲ್ಲಿ ಪೊದೆಯೊಳಗೆ ಚಿರತೆ ಗುರ್ರೆಂದಿತು. ನಾನಂತೂ ಹೆದರಲಿಲ್ಲ, ಬಿಡಿ. ಚಂದ್ರೋಜಿ ಸರಸರನೆ ಮರವೇರಿ, ದಿಕ್ಕು ತೋಚದೆ ಕೊಂಬೆಯೊಂದನ್ನು ಹಿಡಿದ. ಕೈಗಳು ತಾವಾಗಿಯೇ ಅದನ್ನು ಬಗ್ಗಿಸಿದವು, ಹೆಣೆದವು, ಸೊಪ್ಪು ಹಾಸಿದವು.

“ಒಬ್ಬನಿಗೆ ಇಷ್ಟಗಲ ಯಾಕೋ?” ಎಂದು ಅಜ್ಜಿ ನಕ್ಕಳು.

“ಅಮ್ಮ ಇಷ್ಟೇ ಅಗಲ ಕಟ್ಟುತ್ತಿದ್ದಳು,” ಎಂದ ಚಂದ್ರೋಜಿ, ನಡುವಿನ ಜಾಗ ಬಿಟ್ಟು ಅಂಚಿನಲ್ಲಿ ಮುದುರಿ ಮಲಗಿದ.