ತಾಳಲಾರದ ಶಕ್ತಿ

ಶಿಷ್ಯ ಕೇಳಿದ: “ಗುರುಗಳೇ, ನಾನು ಮಾಡುತ್ತಿರುವ ಸಾಧನೆ ಸಾಲದೆನಿಸುತ್ತಿದೆ. ಮನೆಯವರನ್ನೂ ನೋಡದೆ ಒಂದು ವರ್ಷ ಮೌನವ್ರತ ಹಿಡಿಯಲೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಆಟಗಾರನಿದ್ದ. ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತಿದ್ದ. ಅವನ ಜೊತೆಗಿದ್ದವಳು ಅಕ್ಕ ಒಬ್ಬಳೇ. ಅವಳ ಶ್ವಾಸಕೋಶ ಸೋತಿತ್ತು. ಪಕ್ಕದ ಕೋಣೆಯಲ್ಲಿ ಆಮ್ಲಜನಕ ಕೊಡುವ ಯಂತ್ರವೊಂದು ಹಗಲೂ ರಾತ್ರಿ ಓಡುತ್ತಿತ್ತು. ಅವಳು ಅದರಿಂದಲೇ ಉಸಿರಾಡುತ್ತಿದ್ದಳು.

ಆಟಗಾರನ ಕಂಪ್ಯೂಟರ್ ಹಳೆಯದು. ಶತ್ರು ಎದುರಾದಾಗಲೆಲ್ಲ ಚಿತ್ರ ತಡವರಿಸುತ್ತಿತ್ತು. ತಂಡದವರು, “ನಿನ್ನಿಂದಲೇ ಸೋತೆವು” ಎಂದರು. ಅವನು ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೋದ.

ಅಂಗಡಿಯವನು ಚಿಕ್ಕದೊಂದನ್ನು ಮುಂದಿಟ್ಟ. “ನಿಮ್ಮ ಆಟಕ್ಕೆ ಇದು ಸಾಕು. ದೊಡ್ಡದು ಬೇಕೆಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈಯನ್ನೂ ಬದಲಾಯಿಸಬೇಕು. ಈಗಿರುವುದು ತಾಳುತ್ತದೆಯೇ?”

ತಾಳುವುದಿಲ್ಲವೆಂದು ಆಟಗಾರನಿಗೆ ಗೊತ್ತಿತ್ತು. ಆದರೆ ಪಂದ್ಯ ಹತ್ತಿರವಿತ್ತು, ಕೈಯಲ್ಲಿದ್ದ ಹಣ ದೊಡ್ಡ ಕಾರ್ಡಿಗಷ್ಟೇ ಸಾಲುತ್ತಿತ್ತು. “ತಾಳುತ್ತದೆ” ಎಂದ. ದೊಡ್ಡದನ್ನೇ ತಂದ.

ಚಿತ್ರ ನೀರಿನಂತೆ ಹರಿಯಿತು. ತಂಡದವರು ಹೊಗಳಿದರು. ಆದರೆ ಸ್ವಲ್ಪ ಹೊತ್ತು ಆಡಿದರೆ ಕಂಪ್ಯೂಟರಿನ ಪೆಟ್ಟಿಗೆ ಕೆಂಡದಂತಾಗುತ್ತಿತ್ತು. ಅವನಿಗೆ ಹೆದರಿಕೆ ಹುಟ್ಟಿತು. ಪೆಟ್ಟಿಗೆಯ ಮುಚ್ಚಳ ತೆಗೆದು ಎದುರಿಗೆ ಫ್ಯಾನ್ ಇಟ್ಟ. ಹೆದರಿಕೆ ಹೋಗಲಿಲ್ಲ. ಹೆಡ್‌ಫೋನಿನ ಸದ್ದು ಏರಿಸಿದ.

ಒಂದು ದಿನ ಅಕ್ಕ ಕರೆದಳು. “ತಮ್ಮಾ, ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ.”

“ಹೊಸದಲ್ವೇನೆ ಅಕ್ಕ, ಹಾಗೇ ಬರುತ್ತೆ” ಎಂದ.

ಪಂದ್ಯದ ಮಧ್ಯಾಹ್ನ. ಗೆಲುವಿಗೆ ಒಬ್ಬನೇ ಶತ್ರು ಉಳಿದಿದ್ದ. ಫಟ್ ಎಂದು ಸದ್ದಾಯಿತು. ಪರದೆ ಕಪ್ಪಾಯಿತು. ‘ಪಂದ್ಯ ಹೋಯಿತು’ ಎಂಬುದೇ ಅವನ ಮೊದಲ ಯೋಚನೆ. ಹೆಡ್‌ಫೋನ್ ತೆಗೆದ. ಪಕ್ಕದ ಕೋಣೆಯಲ್ಲಿ, ಕರೆಂಟು ಹೋಗಿ ನಿಂತ ಯಂತ್ರ ಕೀ ಎಂದು ಎಚ್ಚರಿಸುತ್ತಿತ್ತು.

ಓಡಿದ. ಅಕ್ಕ ಮಂಚದ ಅಂಚು ಹಿಡಿದು ಕುಳಿತಿದ್ದಳು. ತುಟಿ ನೀಲಿಗಟ್ಟುತ್ತಿತ್ತು. ಕರೆಯಲು ಅವಳಲ್ಲಿ ಉಸಿರಿರಲಿಲ್ಲ. ಕಣ್ಣು ಮಾತ್ರ ಅವನನ್ನು ನೋಡುತ್ತಿತ್ತು. ಕರೆಂಟು ಹೋದಾಗ ಬೇಕಾಗುತ್ತದೆಂದು ಮೂಲೆಯಲ್ಲಿಟ್ಟಿದ್ದ ಆಮ್ಲಜನಕದ ಸಿಲಿಂಡರ್ ಖಾಲಿ. ಅದನ್ನು ತುಂಬಿಸುವ ಕೆಲಸವನ್ನು ಅವನು ಪಂದ್ಯದ ಮರುದಿನಕ್ಕೆ ಇಟ್ಟಿದ್ದ.

ಕರೆಂಟಿನ ಮೇನ್ ಸ್ವಿಚ್ ಬಿದ್ದಿತ್ತು. ಎತ್ತಿದ. ತಟ್ಟನೆ ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು. ಆಗ ಹೊಳೆಯಿತು: ಸುಟ್ಟ ಪೆಟ್ಟಿಗೆಯ ಪ್ಲಗ್ ಇನ್ನೂ ಗೋಡೆಯಲ್ಲೇ ಇತ್ತು, ಸ್ವಿಚ್ ಬೀಳಿಸುತ್ತಿದ್ದುದು ಅದೇ. ಹೋಗಿ ಪ್ಲಗ್ ಕಿತ್ತೆಸೆದ. ಬಂದು ಸ್ವಿಚ್ ಎತ್ತಿದ. ಈ ಸಲ ನಿಂತಿತು. ಯಂತ್ರ ಗುಂಯ್‌ಗುಟ್ಟಿತು. ಅಕ್ಕನ ಎದೆ ಏರಿಳಿಯತೊಡಗಿತು.

ಅಕ್ಕ ಬದುಕಿದಳು. ಅವನನ್ನು ಏನೂ ಕೇಳಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಅಂಗಡಿಯವನು ಕಾರ್ಡ್ ಪರೀಕ್ಷಿಸಿ, “ಇದಕ್ಕೇನೂ ಆಗಿಲ್ಲ. ಒಳ್ಳೆಯ ಪವರ್ ಸಪ್ಲೈ ಹಾಕಿದರೆ ಓಡುತ್ತದೆ” ಎಂದ. ಆಟಗಾರನಿಗೆ ಅದನ್ನು ಮುಟ್ಟಲಾಗಲಿಲ್ಲ. ಅದನ್ನು ಅಲ್ಲೇ ಬಿಟ್ಟು ಚಿಕ್ಕ ಕಾರ್ಡನ್ನೂ ಹೊಸ ಪವರ್ ಸಪ್ಲೈಯನ್ನೂ ತಂದ. ಅಕ್ಕನ ಯಂತ್ರಕ್ಕೆ ಬೇರೆ ಲೈನ್ ಎಳೆಸಿದ. ಸಿಲಿಂಡರ್ ತುಂಬಿಸಿದ. ಈಗಲೂ ಆಡುತ್ತಾನೆ. ಆದರೆ ಹೆಡ್‌ಫೋನಿನಿಂದ ಒಂದು ಕಿವಿಯನ್ನು ಹೊರಗಿಟ್ಟಿರುತ್ತಾನೆ.

ಗುರುಗಳು ಕತೆ ಮುಗಿಸಿದರು.

ಶಿಷ್ಯ ಹೇಳಿದ: “ಗುರುಗಳೇ, ಅವನು ಬಯಸಿದ್ದು ಆಟದ ಗೆಲುವು. ನಾನು ಕೇಳುತ್ತಿರುವುದು ವ್ರತ.”

ಗುರುಗಳು ಕೇಳಿದರು: “ನೀನು ಮೌನದಲ್ಲಿ ಕುಳಿತಾಗ, ನಿನ್ನ ಮನೆಯಲ್ಲಿ ಉಸಿರಿಗೆ ಒದ್ದಾಡುವವರು ಯಾರು?”