ಹರಿಗೋಲಿನ ವರದಿ

ನದಿದಂಡೆಯ ಆಶ್ರಮದಲ್ಲಿ ಹರಿಗೋಲು ನೋಡಿಕೊಳ್ಳುವ ಕೆಲಸ ಮಲ್ಲಿನಾಥನದು. ಬಿ.ಎ. ಮುಗಿಸಿ ಬಂದ ಶಿಷ್ಯ, ಇಂಗ್ಲಿಷ್ ಚೆನ್ನಾಗಿ ಬಲ್ಲ. ದಿನವೂ ಹರಿಗೋಲನ್ನು ತಲೆಯ ಮೇಲೆ ಹೊತ್ತು ನೀರಿಗೆ ಒಯ್ಯಬೇಕಲ್ಲ, ಅದೊಂದು ಅವನಿಗೆ ಬೇಸರ.

ಒಂದು ದಿನ ಅದನ್ನು ಬಂಡೆಗಳ ಮೇಲೆ ಎಳೆದುಕೊಂಡೇ ಹೋದ. ತಳ ಹರಿಯಿತು.

ಯಾರಿಗೂ ಹೇಳದೆ ಡಾಂಬರು ಮೆತ್ತಿದ. ಮರುದಿನ ನೋಡಿದರೆ ಒಳಗೆಲ್ಲ ಒದ್ದೆ. ಇನ್ನಷ್ಟು ಮೆತ್ತಿದ. ಗುರುಗಳಿಗೆ ತಿಳಿದರೆ ತನ್ನ ಗತಿಯೇನು ಎಂಬ ಭಯಕ್ಕೆ ಊಟ ಸೇರದಾಯಿತು.

ಅಷ್ಟರಲ್ಲಿ, ಹರಿಗೋಲು ಕೊಡಿಸಿದ್ದ ಪಟ್ಟಣದ ಸಮಿತಿಯಿಂದ ಪತ್ರ ಬಂತು. ಹರಿಗೋಲು ಹೇಗಿದೆ, ವರದಿ ಕಳಿಸಿ ಎಂದಿತ್ತು. ಮಲ್ಲಿನಾಥ ಬೆಳಗಿನಿಂದ ಕೂತು ಇಂಗ್ಲಿಷಿನಲ್ಲಿ ಬರೆದ. ತಕ್ಕ ಪದ ಸಿಕ್ಕ ಸಮಾಧಾನಕ್ಕೆ ಅಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೇ ಹೋದವು.

ಸಹಿಗೆ ಒಯ್ದಾಗ ಗುರುಗಳು ಓದಲು ಹೇಳಿದರು. ಹರಿಗೋಲಿನ ತಳದ ಮಾತು ಬಂದ ಕಡೆ ತಡೆದರು.

“ಅಮೀಲಿಯರೇಟ್ ಅಂದ್ರ?”

“ಕೆಟ್ಟ ಸ್ಥಿತಿನ ಉತ್ತಮಗೊಳಿಸೋದು ಅಂತ, ಅಜ್ಜಾರ. ಕಚೇರಿಯವರು ಹಂಗ ಬರೀತಾರ.”

“ಹಂಗಾರ ರಿಪೇರಿ ಆತು?”

“ಅದು ದೊಡ್ಡ ಮಾತ್ರಿ. ಆತು ಅಂತನೂ ತಿಳ್ಕೋಬಹುದು, ಆಗಾಕತ್ತೇತಿ ಅಂತನೂ ತಿಳ್ಕೋಬಹುದು.”

ಗುರುಗಳು ಸಹಿ ಹಾಕಲಿಲ್ಲ. ಕಾಗದ ಅವನಿಗೇ ಕೊಟ್ಟು, ಹರಿಗೋಲು ತರಲು ಹೇಳಿ ಹೊಳೆಯ ಕಡೆ ನಡೆದರು.

ದಡದಲ್ಲಿ ಊರಿನ ನಾಗವ್ವ ಬಸುರಿ ಸೊಸೆಯನ್ನು ಕರೆದುಕೊಂಡು ಕಾಯುತ್ತಿದ್ದಳು. ಆಚೆ ದಡದ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಗುರುಗಳು ತಾವೂ ಬರುವುದಾಗಿ ಹೇಳಿ, ಮೊದಲು ತಾವೇ ಹರಿಗೋಲಿನಲ್ಲಿ ಕೂತರು. ಸೊಸೆಗೆ ಹತ್ತಲು ಹೇಳಿದರು. ಮಲ್ಲಿನಾಥನಿಗೆ ಹುಟ್ಟು ಹಾಕಲು ಹೇಳಿದರು.

ಹುಟ್ಟು ಹಿಡಿದು ಅವನು ದಡದಲ್ಲೇ ನಿಂತ. ಇದೊಂದು ಸಲ ದಾಟೀತು ಅನ್ನಿಸಿತು. ನಾಲ್ಕು ಜನ ಕೂತರೆ ದಾಟಲಿಕ್ಕಿಲ್ಲ ಅಂತಲೂ ಅನ್ನಿಸಿತು. ನಡುಹೊಳೆಯ ಆಳ ಎಷ್ಟೆಂದು ಅವನಿಗೆ ಗೊತ್ತಿತ್ತು. ಗುರುಗಳ ಮುಖ ನೋಡಿದ. ಅವರು ಆಚೆ ದಡ ನೋಡುತ್ತಿದ್ದರು.

ಸೊಸೆ ನೆರಿಗೆ ಎತ್ತಿ ಹಿಡಿದು ಒಂದು ಕಾಲು ಒಳಗಿಟ್ಟಳು.

“ಹತ್ತಬ್ಯಾಡವ್ವಾ,” ಅಂದ ಮಲ್ಲಿನಾಥ. “ಸೋರತೈತಿ. ಹರದಾಂವ ನಾನ. ಹೊರಾಕ ಬ್ಯಾಸರಾಗಿ ಕಲ್ಲಿನ ಮ್ಯಾಲೆ ಎಳದೆ.”

ಅಷ್ಟು ಹೇಳಿ ಹುಟ್ಟು ಕೆಳಗಿಟ್ಟು ದಡದಲ್ಲೇ ಕೂತ.

ಗುರುಗಳು ಇಳಿದು ಬಂದರು. ಅವರ ಧೋತರ ಹಿಂದೆ ಪೂರ್ತಿ ತೊಯ್ದಿತ್ತು. ಆಶ್ರಮದ ಬಂಡಿ ಹೂಡಿಸಿಕೊಂಡು ಸೇತುವೆಯ ದಾರಿ ಹಿಡಿಯಲು ನಾಗವ್ವನಿಗೆ ಹೇಳಿ ಕಳಿಸಿದರು. ಆಮೇಲೆ ಶಿಷ್ಯನ ಪಕ್ಕಕ್ಕೆ ಬಂದು ಕೂತರು.

ಅವನು ಬೈಗುಳಕ್ಕೆ ಕಾದ. ಆಶ್ರಮ ಬಿಟ್ಟು ಹೋಗು ಅನ್ನುವರೆಂದು ಕಾದ.

“ಈಗ ಅಂದೆಲ್ಲ,” ಅಂದರು ಗುರುಗಳು, “ಅದಕ್ಕೂ ಇಂಗ್ಲಿಷಿನ್ಯಾಗ ಮಾತು ಇರಬೇಕು. ಅದನ್ನ ಬರಿ.”